ಸಹಾಯ ಬೇಕು: ಎಣ್ಣೆ ಕುಡಿದ ಕೋವಿ ಸ್ಟಾಕ್‌ನ (ಹಿಂಬದಿಯ ಮರದ ಹಿಡಿಯ) ಬಿರುಕು ಅಂಟಿಸೋದು ಹೇಗೆ?

ಹಳೇ ಇಂಗ್ಲಿಷ್ 12 ಬೋರ್ ಜೋಡಿ ನಳಿಗೆ ಕೋವಿ, ಬಾಕ್ಸ್‌ಲಾಕ್ (ಗುಂಡು ಹಾರಿಸುವ ಯಂತ್ರ ಕಬ್ಬಿಣದ ಪೆಟ್ಟಿಗೆಯೊಳಗೇ ಇರೋ ಬಗೆ), ವಾಲ್‌ನಟ್ ಸ್ಟಾಕ್. ಕೊಡಗಿನ ಮಳೆಗೆ ತುಕ್ಕು ಹಿಡಿಯದಿರಲಿ ಅಂತ ವರ್ಷಗಟ್ಟಲೆ ಸುರಿದ ಎಣ್ಣೆ ಆಕ್ಷನ್‌ನಿಂದ (ಆ ಯಂತ್ರಭಾಗದಿಂದ) ಇಳಿದು, ಕಬ್ಬಿಣ ಕೂರುವ ಜಾಗದ ಮರ ಕಪ್ಪಾಗಿ ಮೆತ್ತಗಾಗಿದೆ; ಉಗುರು ಒತ್ತಿದರೆ ಗುರುತು ಬೀಳುತ್ತೆ. (ನಳಿಗೆ ಮೇಲಾಗಿ ನಿಲ್ಲಿಸಿಟ್ಟರೆ ಆಗೋದೇ ಇದು.) ಟಾಪ್ ಟ್ಯಾಂಗ್ (ಆಕ್ಷನ್ ಮೇಲಿಂದ ಹಿಂದಕ್ಕೆ ಚಾಚಿ ಮರದಲ್ಲಿ ಕೂರುವ ಕಬ್ಬಿಣದ ಪಟ್ಟಿ) ಹಿಂದೆ 3 ಸೆಂ.ಮೀ. ಕೂದಲೆಳೆ ಬಿರುಕು.

ಕಬ್ಬಿಣ ಪೂರ್ತಿ ಬಿಚ್ಚಿ, ಎಣ್ಣೆ ಹೀರಲಿ ಅಂತ ಚಾಕ್ ಪೌಡರನ್ನು ಅಸಿಟೋನ್‌ನಲ್ಲಿ ಕಲಸಿ ಮೆತ್ತಿ, ಒಣಗಿದ ಮೇಲೆ ಉದುರಿಸಿ, ಮತ್ತೆ ಮೆತ್ತಿದೆ. ಮೊದಮೊದಲು ಪುಡಿ ಕಂದಾಗುತ್ತಿತ್ತು, ಈಗ ಬೆಳ್ಳಗೇ ಉಳಿಯುತ್ತೆ. ಆದರೆ ಅಸಿಟೋನ್ ಪೂರ್ತಿ ಆರಿದ ಮೇಲೆ ಹೇರ್ ಡ್ರೈಯರ್ ಬಿಸಿ ತಾಗಿಸಿದರೆ ಬಿರುಕಿನಿಂದ ಎಣ್ಣೆ ಜಿನುಗುತ್ತೆ. ಎಣ್ಣೆ ಉಳಿದ ಮರಕ್ಕೆ ಎಪಾಕ್ಸಿ (ಎರಡು ಭಾಗ ಬೆರೆಸೋ ಅಂಟು) ಕಚ್ಚಲ್ಲ. ಸೂಪರ್ ಗ್ಲೂ ಒಳಗಿಳಿಯುತ್ತೆ, ಆದರೆ ರಿಕಾಯಿಲ್ (ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯೋ) ಪೆಟ್ಟಿಗೆ ಪೆಡಸು.

ಬಿಸಿ ಮಾಡಿದರೂ ಜಿನುಗದ ತನಕ ಎಣ್ಣೆ ತೆಗೀತಾನೇ ಇರಬೇಕಾ, ಅಥವಾ ಬಿರುಕಿನ ಒಳಮೈಯನ್ನಷ್ಟೇ ಅಸಿಟೋನ್‌ನಲ್ಲಿ ತೊಳೆದು ತಕ್ಷಣ ಎಪಾಕ್ಸಿ ಇಳಿಸಿದರೆ ನಿಲ್ಲುತ್ತಾ? ಮಾಡಿ ನೋಡಿದವರು ಹೇಳಿ.