ಮಾತ್ರೆಗಿಂತ ಮೊದಲು ಚೀಟಿ ನುಂಗಿದವನು

"ಡಾಕ್ಟರು ಆತಂಕಕ್ಕೆ ಎಸ್ಸಿಟಾಲೊಪ್ರಾಮ್ ಬರೆದುಕೊಟ್ಟಿದ್ದಾರೆ. ಶುರು ಮಾಡಲೋ ಬೇಡವೋ ಅಂತ ಯೋಚಿಸಿ ಯೋಚಿಸಿ ನಿದ್ದೆಯೇ ಇಲ್ಲ" ಎಂದ ರಘು.

"ನಿದ್ದೆ ಇಲ್ಲ ಅಂತಾನೇ ಅಲ್ವಾ ಡಾಕ್ಟರ ಹತ್ತಿರ ಹೋಗಿದ್ದು?" ಎಂದಳು ಸುಧಾ.

ರಘು ಮಾತ್ರೆ ಡಬ್ಬಿಯೊಳಗಿನ ಚೀಟಿ ತೆಗೆದ. ಒಂದು ಮಡಿಕೆ ಬಿಚ್ಚಿದ, ಇನ್ನೊಂದು ಬಿಚ್ಚಿದ. ಮೇಜೇ ಮುಚ್ಚಿಹೋಯಿತು. ಅಕ್ಷರ ಓದಲು ಭೂತಗನ್ನಡಿ ಬೇಕು. ಆದರೂ ಪುಣ್ಯಾತ್ಮ ಅಲ್ಲಲ್ಲಿ ಕೆಂಪು ಗೆರೆ ಎಳೆದಿದ್ದ.

"ವಾಕರಿಕೆ, ತಲೆನೋವು, ಬೆವರು. ಓದುತ್ತಾ ಓದುತ್ತಾ ಮೂರೂ ಬಂತು."

"ಮಾತ್ರೆ ನುಂಗಿದ್ದೆಯಾ?"

"ಇನ್ನೂ ಇಲ್ಲ."

ಮೂರ್ತಿ ಬಾಯಿ ಹಾಕಿದ. "ಇದೆಲ್ಲ ಯಾಕೋ ಸುಮ್ನೆ? ಟೆನ್ಷನ್ ಮಾಡ್ಕೋಬೇಡ, ಅಷ್ಟೇ!" ಹೊಳೆಗೆ ಬಿದ್ದವನಿಗೆ ಒದ್ದೆಯಾಗಬೇಡ ಅಂದ ಹಾಗಾಯಿತು.

"ಅಭ್ಯಾಸ ಆಗಿಬಿಟ್ಟರೆ?" ರಘುವಿನ ಮುಂದಿನ ಚಿಂತೆ.

ಸುಧಾ ತಾನೇ ಈ ಮಾತ್ರೆ ತಗೊಂಡು ಬಿಟ್ಟವಳು. "ಅದು ಆಲ್ಪ್ರಜೋಲಮ್ ಥರದವುಗಳ ಕಥೆ. ನುಂಗಿದ ಸ್ವಲ್ಪ ಹೊತ್ತಿಗೇ ಸಮಾಧಾನ. ದಿನಾ ತಗೊಂಡರೆ ಕೆಲವೇ ವಾರಗಳಲ್ಲಿ ಅದಿಲ್ಲದೆ ಆಗದು ಅನ್ನಿಸಬಹುದು. ನಿನ್ನದು ಬೇರೆ ಜಾತಿ, ನಿಧಾನದ್ದು. ಗುಣ ಕಾಣೋಕೆ 2ರಿಂದ 6 ವಾರ ಬೇಕು. ಮೊದಮೊದಲು ಗಾಬರಿ ಸ್ವಲ್ಪ ಜಾಸ್ತಿಯೂ ಆಗಬಹುದು. ಅದಕ್ಕೇ ಕಡಿಮೆ ಡೋಸಿನಿಂದ ಶುರು ಮಾಡೋದು."

"ಜಾಸ್ತಿಯಾ!" ರಘು ಕೆಂಪು ಪೆನ್ನು ಹುಡುಕತೊಡಗಿದ.

"ಬಿಡುವಾಗಲೂ ಡಾಕ್ಟರನ್ನು ಕೇಳಿ ಮೆಲ್ಲಗೆ ಇಳಿಸಬೇಕು. ತಟ್ಟನೆ ನಿಲ್ಲಿಸಿದರೆ ತಲೆಸುತ್ತು ಬರಬಹುದು. ಅದಿರಲಿ, ಥೈರಾಯ್ಡ್ ನೋಡಿಸಿದೆಯಾ? ಅದು ಹೆಚ್ಚಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತೆ."

"ನೋಡಿಸಿದೆ. ನಾರ್ಮಲ್ ಬಂತು. ಅದಕ್ಕೂ ಬೇಜಾರಾಯ್ತು."

"ಮಾತಾಡಿಸಿಯೇ ವಾಸಿ ಮಾಡ್ತಾರಂತಲ್ಲ?" ಮೂರ್ತಿ ಕೇಳಿದ.

"ಸಿಬಿಟಿ, ಯೋಚಿಸೋ ರೀತಿ, ನಡೆದುಕೊಳ್ಳೋ ರೀತಿ ಬದಲಿಸಿಕೊಳ್ಳೋಕೆ ಕಲಿಸೋ ಚಿಕಿತ್ಸೆ. ಅದೂ ಚೆನ್ನಾಗಿ ಕೆಲಸ ಮಾಡುತ್ತೆ, ಬೇಕಿದ್ದರೆ ಎರಡೂ ಒಟ್ಟಿಗೆ ಮಾಡಬಹುದು. ಆದರೆ ಹೋಂವರ್ಕ್ ಕೊಡ್ತಾರೆ."

ಹೋಂವರ್ಕ್ ಅಂದದ್ದೇ ಮೂರ್ತಿಯ ಉತ್ಸಾಹ ಇಳಿಯಿತು, ಅವನು ಮಾಡಬೇಕಾದ್ದೇನೂ ಇಲ್ಲದಿದ್ದರೂ.

ಸುಧಾ ಚೀಟಿಯನ್ನು ಪಕ್ಕಕ್ಕೆ ಸರಿಸಿದಳು. "ಲಿಫ್ಟ್ ಹತ್ತೋದು ಬಿಟ್ಟೆ. ಮೀಟಿಂಗ್ ಅಂದ್ರೆ ರಜೆ ಹಾಕ್ತೀಯ. ಫೋನ್ ರಿಂಗಾದರೆ ಬೇರೆ ರೂಮಿಗೆ ಓಡ್ತೀಯ. ಮಾತ್ರೆಯ ಅಡ್ಡಪರಿಣಾಮಕ್ಕೆಲ್ಲ ಗೆರೆ ಎಳೆದಿದ್ದೀಯಲ್ಲ, ಮಾತ್ರೆ ಇಲ್ಲದೆ ಆಗ್ತಿರೋದಕ್ಕೆ ಯಾವ ಚೀಟಿ?"

ರಘು ಸ್ವಲ್ಪ ಹೊತ್ತು ಸುಮ್ಮನಿದ್ದ. "ಸರಿ, ನಾಳೆ ಶುರು. ಬೆಳಿಗ್ಗೆಯೋ ರಾತ್ರಿಯೋ?"

"ಡಾಕ್ಟರು ಏನೂ ಹೇಳಿಲ್ಲ ಅಂದ್ರೆ ಯಾವಾಗಲಾದರೂ ಸರಿ. ದಿನಾ ಒಂದೇ ಹೊತ್ತಿಗೆ ತಗೋ, ಅಷ್ಟೇ."

"ಊಟಕ್ಕೆ ಮೊದಲಾ, ಆಮೇಲಾ?"

"ಎರಡೂ ನಡೆಯುತ್ತೆ."

"ಎರಡೂ ಅಂದರೆ ಹೇಗೆ? ಒಂದು ಹೇಳು ಮಾರಾಯ್ತಿ!"