ಅಪ್‌ಡೇಟ್: ಕೆಂಪು ವೈನಿನ ತಳದಲ್ಲಿದ್ದ ಗಸಿಯ ವಿಷಯ

ಒಂದೇ ಕುಟುಂಬದವರು ತಮ್ಮ ತೋಟದ ದ್ರಾಕ್ಷಿಯಿಂದ ತಾವೇ ಮಾಡಿ ತುಂಬಿದ ಕೆಂಪು ವೈನು. ಬಾಟಲಿಯ ತಳದಲ್ಲಿ ಕಡುನೇರಳೆ ಗಸಿ, ಬಾಯಿ ಒಣಗಿಸುವಷ್ಟು ಒಗರು. ಕೆಟ್ಟಿದೆಯೇ ಎಂದು ಕೇಳಿದ್ದೆ. ಕೆಟ್ಟಿಲ್ಲ! ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ತೋಟದವರಿಗೇ ಬರೆದು ವಿಚಾರಿಸಿದೆ. ಬಾಟಲಿಗೆ ತುಂಬುವ ಮೊದಲು ಅವರು ವೈನನ್ನು ಸೋಸುವುದಿಲ್ಲವಂತೆ. ದ್ರಾಕ್ಷಿ ಸಿಪ್ಪೆಯಿಂದ ಬಂದ ಬಣ್ಣವೂ ಒಗರು ಕೊಡುವ ಟ್ಯಾನಿನ್‌ಗಳೂ ವರ್ಷ ಕಳೆದಂತೆ ಒಂದಕ್ಕೊಂದು ಬೆಸೆದು, ಭಾರವಾಗಿ ಕೆಳಗಿಳಿಯುತ್ತವೆ. ಬಿರಡೆಗೆ ಅಂಟಿದ್ದ ಮಿನುಗುವ ಕಣಗಳು ಗಾಜಿನ ಚೂರುಗಳಲ್ಲ. ದ್ರಾಕ್ಷಿಯಲ್ಲೇ ಇರುವ ಟಾರ್ಟಾರಿಕ್ ಆಮ್ಲ ಪೊಟ್ಯಾಸಿಯಂ ಜೊತೆ ಸೇರಿ ತಂಪಿನಲ್ಲಿ ಹರಳುಗಟ್ಟಿದ್ದು. ಎರಡರಿಂದಲೂ ಅಪಾಯವಿಲ್ಲ.

ಇನ್ನೊಂದು ಬಾಟಲಿಯನ್ನು ನಿಮ್ಮ ಸಲಹೆಯಂತೆ ಒಂದು ದಿನ ನೆಟ್ಟಗೆ ನಿಲ್ಲಿಸಿದೆ. ಆಮೇಲೆ ಕತ್ತಿನ ಹಿಂದೆ ದೀಪವಿಟ್ಟು, ಅಗಲವಾದ ಗಾಜಿನ ಹೂಜಿಗೆ ಅಲುಗಾಡಿಸದೆ ನಿಧಾನವಾಗಿ ಬಗ್ಗಿಸಿದೆ. ಗಸಿಯ ಕಪ್ಪು ಎಳೆ ಕತ್ತಿನ ಹತ್ತಿರ ಕಂಡ ಕೂಡಲೇ ನಿಲ್ಲಿಸಬೇಕು. ಕೊನೆಯ ಎರಡು ಗುಟುಕು ಹೋದರೆ ಹೋಗಲಿ. ಸುಮಾರು ಒಂದು ಗಂಟೆ ಗಾಳಿಗೆ ಬಿಟ್ಟ ಮೇಲೆ ಒಗರು ಹಿಂದೆ ಸರಿದು, ಮಾಗಿದ ಹಣ್ಣಿನ ಪರಿಮಳ ಮುಂದೆ ಬಂತು. ಎಂಥ ಬದಲಾವಣೆ!

ಚೆನ್ನಾಗಿ ತಣ್ಣಗೆ ಮಾಡಿ ಕುಡಿಯಿರಿ ಎಂದವರ ಮಾತನ್ನು ಮಾತ್ರ ನಾನು ಒಪ್ಪಲಾರೆ. ತಂಪು ಹೆಚ್ಚಾದಷ್ಟೂ ಟ್ಯಾನಿನ್ ನಾಲಿಗೆಗೆ ಒರಟಾಗುತ್ತದೆ. ಇಂಥ ಗಟ್ಟಿ ವೈನಿಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ಸರಿ. ಉಳಿದದ್ದನ್ನು ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟಿದ್ದೆ, ಮರುದಿನವೂ ಚೆನ್ನಾಗಿಯೇ ಇತ್ತು.

ಮಿಕ್ಕ ಬಾಟಲಿಗಳನ್ನು ಬಿರಡೆ ಒಣಗದಂತೆ ಕತ್ತಲೆಯಲ್ಲಿ ಅಡ್ಡ ಮಲಗಿಸಿದ್ದೇನೆ. ಮುಂದಿನದನ್ನು ತೆರೆದಾಗ ಮತ್ತೆ ಬರೆಯುತ್ತೇನೆ.