ಮೋಟಾರ್ ತಿರುಗಿದ ಕೂಡಲೇ ರಾಸ್ಪ್‌ಬೆರಿ ಪೈ ರೀಸ್ಟಾರ್ಟ್

ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಬಳಸಿ ಎರಡು ಚಕ್ರದ ಸಣ್ಣ ರೋಬೋ ಮಾಡ್ತಿದ್ದೀನಿ. ಎರಡು 18650 ಲಿಥಿಯಂ ಸೆಲ್ ಸರಣಿಯಲ್ಲಿವೆ, ಮೋಟಾರ್ ಓಡಿಸೋ ಎಲ್298ಎನ್ ಬೋರ್ಡಿನ 5 ವೋಲ್ಟ್ ಟರ್ಮಿನಲ್‌ನಿಂದ ಪೈ 3ರ 4 ಮತ್ತು 6ನೇ ಪಿನ್‌ಗೆ ವೈರ್ ಕೊಟ್ಟಿದ್ದೀನಿ. ಪೈ ಚೆನ್ನಾಗಿಯೇ ಬೂಟ್ ಆಗುತ್ತೆ. ಚಕ್ರ ಒಂದು ಸುತ್ತು ಬರೋದ್ರೊಳಗೆ ಕೆಂಪು ದೀಪ ಆರಿ ಮತ್ತೆ ಮೊದಲಿಂದ ಶುರು. ಪವರ್ ಬ್ಯಾಂಕ್‌ನಿಂದ ಪೈಗೆ ಕೊಟ್ಟರೆ ಏನೂ ತೊಂದರೆಯಿಲ್ಲ. ಕೋಡ್‌ನಲ್ಲಿ ತಪ್ಪಿದೆಯಾ?

— ಕೋಡ್ ಮುಟ್ಟಬೇಡಿ. ಪವರ್ ಬ್ಯಾಂಕ್‌ನಲ್ಲಿ ಸರಿಯಾಯ್ತು ಅಂದಮೇಲೆ ಉತ್ತರ ನೀವೇ ಹೇಳಿಬಿಟ್ಟಿದ್ದೀರಿ. ಆ 5 ವೋಲ್ಟ್ ಬರೋದು ಬೋರ್ಡಿನ ಮೇಲಿರೋ 78ಎಂ05 ರೆಗ್ಯುಲೇಟರಿಂದ (ವೋಲ್ಟೇಜನ್ನ 5ಕ್ಕೆ ಇಳಿಸೋ ಚಿಪ್). ಅದರ ಮಿತಿ ಅರ್ಧ ಆಂಪಿಯರ್. ಪೈ 3ಕ್ಕೆ ಶಿಫಾರಸು ಮಾಡಿರೋದು 2.5 ಆಂಪಿಯರ್ ಸಪ್ಲೈ. ಜೊತೆಗೆ 5 ವೋಲ್ಟ್ ಕೊಡೋಕೆ ಅದಕ್ಕೆ ಸುಮಾರು 7 ವೋಲ್ಟ್ ಒಳಗೆ ಬರಬೇಕು. ಮೋಟಾರ್ ನಿಂತಲ್ಲಿಂದ ಹೊರಡುವಾಗ ಸಿಕ್ಕಾಪಟ್ಟೆ ಕರೆಂಟ್ ಎಳೆಯುತ್ತೆ, ಬ್ಯಾಟರಿ ಆ ಕ್ಷಣಕ್ಕೆ ಕುಸಿಯುತ್ತೆ. ಪೈಗೆ 4.63 ವೋಲ್ಟ್‌ಗಿಂತ ಕೆಳಗೆ ಹೋದರೆ ಕೆಂಪು ದೀಪ ಆರುತ್ತೆ. ಮೀಟರ್ ಹಿಡಿದು ನೋಡಿ.

ನೋಡಿದೆ ಸರ್. ಬ್ಯಾಟರಿ 7.9 ಇದ್ದದ್ದು 6.6ಕ್ಕೆ ಬಂತು, 5 ವೋಲ್ಟ್ ಟರ್ಮಿನಲ್ 4.4ಕ್ಕೆ. ರೆಗ್ಯುಲೇಟರ್ ಮೇಲೆ ಬೆರಳಿಡೋಕೆ ಆಗಲ್ಲ. 12 ವೋಲ್ಟ್ ಬ್ಯಾಟರಿ ಹಾಕಿಬಿಡಲಾ?

— ಇನ್ನೂ ಕೆಡುತ್ತೆ! ಅದು ಲೀನಿಯರ್ ರೆಗ್ಯುಲೇಟರ್, ಹೆಚ್ಚಿನ ವೋಲ್ಟೇಜೆಲ್ಲ ಬಿಸಿಯಾಗೇ ಹೋಗಬೇಕು. 12ರಲ್ಲಿ 5 ಕಳೆದು 7, ಅರ್ಧ ಆಂಪಿಯರ್‌ಗೆ 3.5 ವಾಟ್. ಆ ಪುಟ್ಟ ತಾಮ್ರದ ತುಂಡಿಗೆ ಅದು ತಡೆಯಲ್ಲ. (ಮೀಟರ್ ನಿಧಾನ, ನಿಜವಾದ ಕುಸಿತ 4.4ಕ್ಕಿಂತ ಕೆಳಗೇ ಇರುತ್ತೆ.)

3 ಆಂಪಿಯರ್‌ನ ಬಕ್ ಕನ್ವರ್ಟರ್ (ಹೆಚ್ಚು ಬಿಸಿಯಾಗದೆ ವೋಲ್ಟೇಜ್ ಇಳಿಸೋ ಮಾಡ್ಯೂಲ್) ತಗೊಳ್ಳಿ. ಬ್ಯಾಟರಿಯಿಂದ ಒಂದು ಕವಲು ಮೋಟಾರ್ ಬೋರ್ಡಿಗೆ, ಇನ್ನೊಂದು ಬಕ್‌ಗೆ. ಪೈಗೆ ಜೋಡಿಸೋ ಮೊದಲೇ ಸ್ಕ್ರೂ ತಿರುಗಿಸಿ 5.1ಕ್ಕೆ ಇಟ್ಟುಕೊಳ್ಳಿ. ಹೊಸ ಮಾಡ್ಯೂಲ್ ಬೇರೆ ವೋಲ್ಟೇಜಿಗೆ ತಿರುಗಿರಬಹುದು, ಪಿನ್ ದಾರಿಯಲ್ಲಿ ಫ್ಯೂಸ್ ಇಲ್ಲ. ಸಾಧ್ಯವಾದರೆ ಯುಎಸ್‌ಬಿ ಮೂಲಕವೇ ಕೊಡಿ. ಎಲ್298ಎನ್‌ನ 5 ವೋಲ್ಟ್ ವೈರ್ ತೆಗೆಯಿರಿ, ಆ ರೆಗ್ಯುಲೇಟರನ್ನ ಆನ್ ಮಾಡೋ ಜಂಪರ್ (ಪಿನ್ ಮೇಲಿನ ಪುಟ್ಟ ಕ್ಯಾಪ್) ಮಾತ್ರ ಹಾಗೇ ಇರಲಿ. ಎಲ್298ಎನ್ ಚಿಪ್ಪಿನ ಲಾಜಿಕ್‌ಗೆ ಅದರ 5 ವೋಲ್ಟ್ ಬೇಕು.

ಆಯ್ತು ಸರ್, ಈಗ ಓಡ್ತಿದೆ! ಮೊದಲು ಪೈ ಎದ್ದರೂ ಮೋಟಾರ್ ಅಲುಗಾಡಲೇ ಇಲ್ಲ. 5 ವೋಲ್ಟ್ ವೈರ್ ಜೊತೆ ಗ್ರೌಂಡ್ (ಮೈನಸ್) ವೈರೂ ಕಿತ್ತಿದ್ದೆ. ಅದನ್ನ ಮತ್ತೆ ಸೇರಿಸಿದ ಮೇಲೆ ಹೊರಟಿತು. ವೋಲ್ಟೇಜ್ ಕುಸಿದಿತ್ತಾ ಅಂತ ಪೈಯನ್ನೇ ಕೇಳೋ ಗೆಟ್ ಥ್ರಾಟಲ್ಡ್ ಕಮಾಂಡ್‌ಗೆ ಸೊನ್ನೆ ಬರ್ತಿದೆ, ಅಂದ್ರೆ ಕುಸಿದಿಲ್ಲ.

— ಬ್ಯಾಟರಿ ಅರ್ಧ ಖಾಲಿಯಾದಾಗ ಇನ್ನೊಮ್ಮೆ ಆ ಕಮಾಂಡ್ ಕೊಟ್ಟು ನೋಡಿ. ಬಕ್‌ಗೂ ಒಳಬರೋ ಮತ್ತು ಹೊರಹೋಗೋ ವೋಲ್ಟೇಜ್ ನಡುವೆ ಒಂದೂವರೆ ವೋಲ್ಟ್‌ನಷ್ಟು ಅಂತರ ಬೇಕು. ಆಗ 50000 ಬಂದರೆ (ವೋಲ್ಟೇಜ್ ಕುಸಿದಿತ್ತು ಅಂತ ಅರ್ಥ) ಮೂರನೇ ಸೆಲ್ ಸೇರಿಸಿ, ಪೈ ಈಗ ಬಕ್‌ನಿಂದ ಓಡೋದ್ರಿಂದ ರೆಗ್ಯುಲೇಟರ್ ಮೊದಲಿನ ಹಾಗೆ ಬಿಸಿಯಾಗಲ್ಲ. ವೋಲ್ಟೇಜ್ ಹೆಚ್ಚಾಗೋದ್ರಿಂದ ಮೋಟಾರ್‌ನ ಪಿಡಬ್ಲ್ಯೂಎಂ (ಕೋಡ್‌ನಲ್ಲಿ ವೇಗ ನಿಯಂತ್ರಿಸೋ ಅಂಕಿ) ಇಳಿಸಿ.